ನಮ್ಮೂರ ತೂಬಿನ ಇನ್‌ಚಾರ್ಜ್

ನಮ್ಮೂರಲ್ಲಿ ಸುಳ್ಳು ಹೇಳುವವರು ಕನ್ನಡದಲ್ಲೇ ಹೇಳಬೇಕು. ಇಂಗ್ಲಿಷ್ ಪದವೊಂದನ್ನು ನಿಜವಲ್ಲದ ವಾಕ್ಯದಲ್ಲಿ ಕೂರಿಸಿದರೆ ಆ ಪದ ಕೇಳಿಸುವುದಿಲ್ಲ. ತುಟಿ ಆಡುತ್ತದೆ, ಗಂಟಲು ಕುಣಿಯುತ್ತದೆ, ಹಿಂದುಮುಂದಿನ ಕನ್ನಡವೆಲ್ಲ ಸಲೀಸಾಗಿ ಬರುತ್ತದೆ. ಆ ಒಂದು ಜಾಗ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಹೊಲದಿಂದ ನಡೆದು ಬಂದವನು ಬಸ್ಸಿನಲ್ಲಿ ಬಂದೆ ಎಂದರೆ ನಮಗೆ ಕೇಳಿಸುವುದು ‘ನಾನು ಬಂದೆ’ ಎಂದಷ್ಟೆ. ಬರೀ ಪದವನ್ನು ಅಂದರೆ ತೊಂದರೆಯಿಲ್ಲ, ಪ್ರಶ್ನೆ ಕೇಳಿದರೂ ತೊಂದರೆಯಿಲ್ಲ. ಇದು ಹೀಗೆ ಎಂದು ಹೇಳಹೊರಟಾಗಲೇ ಪದದ ಪರೀಕ್ಷೆ.

ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ನೀರು ಯಾಕೆ ತಗ್ಗಿಗೆ ಹರಿಯುತ್ತದೆ ಎಂದು ಕೇಳಿದವರುಂಟೆ? ಅಂಗಡಿಯಲ್ಲಿ ಮೊಟ್ಟೆ ಕೊಳ್ಳುವಾಗ ‘ಫ್ರೆಶ್ಶಾ?’ ಎನ್ನುತ್ತೇವೆ; ಅಂಗಡಿಯವನು ‘ಹೊಸಾವು ಕಣಮ್ಮ’ ಎಂದು ಕನ್ನಡಕ್ಕೆ ಜಾರಿಕೊಂಡರೆ ಚೀಲ ಮಡಚಿಕೊಂಡು ಮುಂದಕ್ಕೆ ಹೋಗುತ್ತೇವೆ. ಹೆಣ್ಣು ಕೇಳಲು ಬಂದವರು ಹುಡುಗ ಒಳ್ಳೇ ಕೆಲಸದಲ್ಲಿದ್ದಾನೆ ಎಂದು ಎಷ್ಟು ಬಣ್ಣಿಸಿದರೂ ಹೆಣ್ಣಿನ ಅಜ್ಜಿ ಮೂಲೆಯಿಂದ, ‘ಡ್ಯೂಟೀಲವ್ನೆ ಅನ್ನಿ ನೋಡಾನ’ ಎನ್ನುತ್ತಾಳೆ. ಬಸುರಿಯರು ಡಾಕ್ಟರ ಬಾಯಿಂದ ‘ನಾರ್ಮಲ್’ ಕೇಳಿಸಿಕೊಳ್ಳದೆ ಆಸ್ಪತ್ರೆಯ ಬೆಂಚು ಬಿಟ್ಟು ಏಳುವುದಿಲ್ಲ. ಇನ್ನು ಓಟು ಕೇಳಲು ಬರುವವರಷ್ಟು ಅಚ್ಚಗನ್ನಡ ಆಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಓಬಳಯ್ಯ. ಊರಿನ ನೀರುಗಂಟಿ. ಕೆರೆಯ ನೀರನ್ನು ತೂಬಿನಿಂದ ಬಿಟ್ಟು, ಕಾಲುವೆಯಲ್ಲಿ ನಡೆಸಿ, ಗದ್ದೆ ಗದ್ದೆಗೆ ಹಂಚುವುದು ನಮ್ಮ ಮನೆತನದ ಕಸುಬು. ಊರೊಳಗೆ ನಾವು ನಿಲ್ಲುವ ಜಾಗ ಬೇರೆ ಇರಬಹುದು. ಕೆರೆ ಏರಿಯ ಮೇಲೆ ಮಾತ್ರ ನೀರುಗಂಟಿ ನಿಂತ ಜಾಗವೇ ಮೊದಲು. ಏರಿಯ ಮೇಲೆ ಗೌಡರಾದರೂ ಚಪ್ಪಲಿ ಬಿಟ್ಟು, ‘ಓಬಳಯ್ಯ, ನಮ್ಮ ಸರದಿ ಯಾವತ್ತಪ್ಪ?’ ಎಂದು ಕೇಳಬೇಕು. ನಾನು ಬಾನು ನೋಡಿ, ನೀರು ನೋಡಿ, ಸ್ವಲ್ಪ ತಡೆದು ಹೇಳುತ್ತಿದ್ದೆ. ಆ ತಡೆಯುವುದನ್ನು ನಮ್ಮಪ್ಪನಿಂದ ಕಲಿತದ್ದು.

ನಮ್ಮ ಮನೆಯಲ್ಲಿ ಒಂದು ಕೋಲು ಇದೆ. ಹೊನ್ನೆ ಮರದ್ದು, ತುದಿಗೆ ಹಿತ್ತಾಳೆ ಬಳೆ, ಮೈಮೇಲೆ ಏಳು ಕಚ್ಚು. ನಮ್ಮಜ್ಜ ತನ್ನ ಕೈಯಾರೆ ಹಾಕಿದ ಕಚ್ಚುಗಳು. ತೂಬಿನ ಬಾಯಿ ಮುಚ್ಚುವ ಬಿರಡೆಯನ್ನು ಎತ್ತುವಾಗ ಪಕ್ಕದಲ್ಲಿ ಈ ಕೋಲು ಹಿಡಿದು ನೋಡಬೇಕು. ನಾಟಿಗೆ ಮೂರನೇ ಕಚ್ಚು, ತೆನೆ ಕಟ್ಟುವಾಗ ಎರಡನೇದು, ಹೀಗೆ. ಆ ಲೆಕ್ಕ ನನಗೆ ನನ್ನ ಹೆಸರಿನಷ್ಟೇ ಬಾಯಿಪಾಠ. ಹಬ್ಬದ ದಿನ ಕೋಲಿಗೆ ಅರಿಶಿನ ಹಚ್ಚಿ, ಹೂವು ಮುಡಿಸಿ, ಎಡೆ ಇಡುತ್ತೇವೆ.

ಮೂರು ಮಳೆಗಾಲದ ಹಿಂದೆ ತೂಬಿನ ಮೆಟ್ಟಿಲ ಪಾಚಿಯ ಮೇಲೆ ಕಾಲು ಜಾರಿ ನನ್ನ ಬಲಮಂಡಿ ಕೆಟ್ಟಿತು. ಅಂದಿನಿಂದ ಕೋಲು ಹಿಡಿದು ಮೆಟ್ಟಿಲಿಳಿದು ಬಿರಡೆ ಎತ್ತುವುದು ನನ್ನ ಹೆಂಡತಿ ಕೆಂಪರಂಗಿ. ನಾನು ಏರಿಯಲ್ಲಿ, ನೀರುಗಂಟಿ ಕೂರಲೆಂದೇ ಇರುವ ಗಂಟಿಕಲ್ಲಿನ ಮೇಲೆ ಕೂತು, ‘ಮೂರನೇ ಕಚ್ಚು!’ ಎಂದು ಕೂಗುತ್ತಿದ್ದೆ. ಅವಳು ಕೆಳಗಿನಿಂದ ‘ಹೂಂ’ ಎನ್ನುತ್ತಿದ್ದಳು. ನೀರು ಕಾಲುವೆಗೆ ಬಿದ್ದು ಮಾತಾಡತೊಡಗುತ್ತಿತ್ತು. ಈ ಮೂರು ವರ್ಷವೂ ಕೊನೇ ಗದ್ದೆಯ ತನಕ ಪೈರು ಹಸಿರು. ಪಕ್ಕದೂರಿನವರು ನಿಂತು ನೋಡಿ ಹೋಗುತ್ತಿದ್ದರು. ನಾನು ಮೀಸೆ ನೀವಿಕೊಂಡು, ‘ಮಂಡಿ ಹೋದ್ರೇನು, ತಲೆ ಐತಲ್ಲ’ ಎನ್ನುತ್ತಿದ್ದೆ.

ಹಾಗಿರುವಾಗ ಸರ್ಕಾರದವರು ತೂಬಿಗೆ ಕಬ್ಬಿಣದ ಗೇಟು ಕೂರಿಸಿದರು. ಮೇಲಿಂದಲೇ ಚಕ್ರ ತಿರುಗಿಸಿದರೆ ಸಾಕು, ಗೇಟು ಏಳುತ್ತದೆ. ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಬುಧವಾರ ಬೆಳಿಗ್ಗೆ ಇಂಜಿನಿಯರು ಬಂದು ಕೀ ಒಪ್ಪಿಸುತ್ತಾರೆ, ಊರವರೆಲ್ಲ ಏರಿಯ ಮೇಲೆ ಸೇರಬೇಕು, ತೂಬಿನ ಇನ್‌ಚಾರ್ಜ್ ಯಾರೋ ಅವರು ಎಲ್ಲರೆದುರು ಬಾಯಿಬಿಟ್ಟು ಹೇಳಿ ಕೀ ಇಸಕೊಳ್ಳಬೇಕು ಎಂದು ಪಂಚಾಯ್ತಿಯವರು ಸಾರಿದರು. ನಮ್ಮೂರ ಸಂಗತಿ ಗೊತ್ತಿರುವ ಕಚೇರಿಗಳು ಕಾಗದದ ಮೇಲಿನ ರುಜುವನ್ನು ನೆಚ್ಚುವುದಿಲ್ಲ. ಹೇಳುವವರು ಯಾರೂ ಇಲ್ಲದಿದ್ದರೆ ಕೀ ಕಚೇರಿಗೆ ವಾಪಸು.

ಇನ್‌ಚಾರ್ಜ್. ಆ ಪದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಕೇಳಿದ ಕೂಡಲೇ ಹಿತ್ತಾಳೆ ಬಳೆಯ ಹಾಗೆ ಹೊಳೆಯಿತು. ಶಾಲೆಯ ಹತ್ತಿರ ಹೋಗಿ ಇನಾಯತ್ ಮೇಷ್ಟ್ರನ್ನು ಕಂಡೆ. ಮೇಷ್ಟ್ರು ಮೂವತ್ತು ವರ್ಷದಿಂದ ನಮ್ಮೂರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿರುವವರು. ಅವರ ಪಾಠ ಸುಲಭ. ಹಲಗೆಯ ಮೇಲೆ ಪದ ಬರೆದು, ‘ಸ್ವಂತ ವಾಕ್ಯದಲ್ಲಿ ಬಳಸಿ’ ಎನ್ನುತ್ತಾರೆ. ತಪ್ಪೋ ಸರಿಯೋ ತಿದ್ದುವ ಗೋಜೇ ಇಲ್ಲ.

“ಯಜಮಾನ ಅಂತಲಾ ಅರ್ಥ, ಮೇಷ್ಟ್ರೇ?” ಎಂದೆ.

“ಅಲ್ಲ ಓಬಳಯ್ಯ. ಯಜಮಾನ ನಿದ್ದೆ ಮಾಡಬಹುದು. ಇವನು ಮಾಡಂಗಿಲ್ಲ. ಕೆಟ್ಟರೆ ಯಾರನ್ನ ಕೇಳಬೇಕೋ, ಯಾರು ಅಂದಂಗೆ ಅದು ನಡೀತದೋ, ಅವರು ಇನ್‌ಚಾರ್ಜು. ನೋಡಿ, ‘ಈ ಶಾಲೆಗೆ ನಾನೇ ಇನ್‌ಚಾರ್ಜ್ ಹೆಡ್‌ಮಾಸ್ಟರು’.” ಎರಡು ಪದವೂ ಗಣಗಣ ಎಂದು ಕೇಳಿಸಿದವು. ಹೆಡ್‌ಮಾಸ್ಟರು ವರ್ಗವಾಗಿ ಹೋಗಿ ಬಹಳ ದಿನವಾಗಿತ್ತು. ಮೇಷ್ಟ್ರು ನಕ್ಕು, “ಈಗ ಇದನ್ನ ಕೇಳಿ. ‘ನಮ್ಮ ಮನೆಗೆ ನಾನೇ…’” ಎಂದರು. ಮುಂದೆ ಅವರ ತುಟಿ ಆಡಿತು, ಸದ್ದಿಲ್ಲ. “ನಮ್ಮ ಬೇಗಂ ಪಕ್ಕದಲ್ಲಿದ್ದಾಗ ಈ ವಾಕ್ಯ ಪ್ರಯೋಗ ಮಾಡಿ ಮೂರು ದಿನ ಬಿಸಿ ಊಟ ಕಳಕೊಂಡೆ. ನೀವೂ ಒಂದ್ಸಲ ವಾಕ್ಯದಲ್ಲಿ ಹಾಕಿ ನೋಡಿ. ಬುಧವಾರ ನಾಲ್ಕು ಜನರ ಮುಂದೆ ಎಡವೋದಕ್ಕಿಂತ ಇಲ್ಲೇ ನೋಡೋದು ವಾಸಿ.”

“ನಂಗ್ಯಾತರ ಪರೀಕ್ಷೆ ಮೇಷ್ಟ್ರೇ? ಆರು ತಲೆ ಆಯ್ತು ಈ ತೂಬಿಗೂ ನಮಗೂ. ಪದ ಕಲ್ಸಿ ಸಾಕು, ವಾಕ್ಯ ನಮ್ಮನೇದೇ ಐತೆ.”

ನಾಲ್ಕು ದಿನ ಬರೀ ಪದವನ್ನು ನಾಲಿಗೆಗೆ ಪಳಗಿಸಿದೆ. ಎಮ್ಮೆಗೆ ಹುಲ್ಲು ಹಾಕುವಾಗ ಇನ್‌ಚಾರ್ಜ್, ಮುಖಕ್ಕೆ ನೀರು ಎರಚಿಕೊಳ್ಳುವಾಗ ಇನ್‌ಚಾರ್ಜ್. ಕೆಂಪರಂಗಿ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಳು.

“ಅದೇನದು, ಎಮ್ಮೆಗೆ ಹೊಸಾ ಹೆಸ್ರಾ?” ಎಂದಳು.

“ನಿಂಗೆ ತಿಳೀದು ಬಿಡು. ಬುಧವಾರ ಬಾ, ಏರಿ ಮೇಲೆ ಕೇಳಿಸ್ಕೊಳ್ಳೀವಂತೆ.”

ಅವಳು ರೊಟ್ಟಿಯನ್ನು ಮಗುಚಿ ಹಾಕಿ, “ಸಸಿಮಡಿ ಹಳದಿ ಆಗ್ತಾ ಐತೆ. ಬುಧವಾರದ ಒಳಗೆ ಒಂದ್ಸಲ ನೀರು ಹಾಯಿಸ್ಬೇಕಿತ್ತು. ಬೀಗ ಹಾಕ್ಕೊಂಡು ಹೋದ್ರಲ್ಲ,” ಎಂದಳು. ನಾನು ಅದಕ್ಕೆ ಕಿವಿಗೊಡಲಿಲ್ಲ. ಯಾವ ಪಂಚೆ ಉಡುವುದು ಎಂಬುದರ ಮೇಲೆ ನನ್ನ ಮನಸ್ಸಿತ್ತು.

ಬುಧವಾರ ಬೆಳಿಗ್ಗೆ ಏರಿಯ ಮೇಲೆ ಊರಿಗೆ ಊರೇ ನೆರೆದಿತ್ತು. ನಾನು ಕೋಲಿಗೆ ಅರಿಶಿನ ಹಚ್ಚಿ, ಹೆಗಲ ಮೇಲೆ ಕೆಂಪು ವಸ್ತ್ರ ಹಾಕಿಕೊಂಡು ಗಂಟಿಕಲ್ಲಿನ ಪಕ್ಕ ನಿಂತೆ. ಹೆಂಗಸರೆಲ್ಲ ಹೊಂಗೆಮರದ ಕೆಳಗೆ. ಕೆಂಪರಂಗಿ ಅವರ ಹಿಂದೆ, ಕೈಯಲ್ಲಿ ಸನಿಕೆ. ಗದ್ದೆಯಿಂದ ನೇರ ಬಂದಿದ್ದಳು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಇಂಥ ದಿನವೂ ಕಾಲು ತೊಳೆದು ಬರಬಾರದೆ ಎಂದು ನನಗೆ ಸಿಟ್ಟು ಬಂತು.

ಇಂಜಿನಿಯರು ಎಳೇ ವಯಸ್ಸಿನವರು, ಮರ್ಯಾದಸ್ಥರು. “ಗೇಟ್ ಫಿಟ್ ಆಗಿದೆ. ಇದು ಕೀ,” ಎಂದರು. ಚೆನ್ನಾಗಿ ಕೇಳಿಸಿತು. “ಊರವರು ಯಾರಾದರೂ ತಗೊಂಡರೆ ಸರಿ. ಇಲ್ಲದಿದ್ದರೆ ಕೀ ನಮ್ಮಲ್ಲಿರುತ್ತೆ. ವಾರಕ್ಕೊಂದು ದಿನ ನಮ್ಮ ಕಡೆಯವನೇ ಬಂದು ನೀರು ಬಿಡ್ತಾನೆ. ವಾರವಾರ…” ಎಂದು ಏನನ್ನೋ ಹೇಳಿ, “ಬರ್ತಾನೆ,” ಎಂದು ಮುಗಿಸಿದರು. ನಡುವಿನ ಪದ ಕೇಳಿಸಲಿಲ್ಲ.

“ಏನಂದ್ರಿ ಸ್ವಾಮಿ? ವಾರವಾರ ಹೆಂಗೆ ಬರ್ತಾನೆ?” ಹೆಂಗಸರ ಕಡೆಯಿಂದ ಸಣ್ಣೀರಮ್ಮನ ಗಂಟಲು. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆ ಅವಳದು. ನೀರಿಗಾಗಿ ಕೂಗಿ ಕೂಗಿ ಗಟ್ಟಿಯಾದ ಗಂಟಲು ಅದು.

ಇಂಜಿನಿಯರು ಮತ್ತೊಮ್ಮೆ ತುಟಿಯಾಡಿಸಿದರು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, “ಕರೆಕ್ಟಾಗಿ ಅಂತ ಹೇಳೋಕೆ ಹೋದೆ,” ಎಂದರು. ಅದು ಕೇಳಿಸಿತು. ಏರಿಗೆ ಏರಿಯೇ ನಕ್ಕಿತು. ಆದರೆ ನಗುವಿನ ಹಿಂದೆ ಎಲ್ಲರ ಕಣ್ಣೂ ಹಳದಿಯಾದ ಸಸಿಮಡಿಗಳ ಕಡೆ ಹೋದವು. ಕೀ ಊರು ಬಿಟ್ಟು ಹೋದರೆ ಈ ಸಲದ ನಾಟಿ ಇಲ್ಲ ಎಂಬುದು ಅಲ್ಲಿದ್ದ ಎಮ್ಮೆಗಳಿಗೂ ಗೊತ್ತಾದಂತಿತ್ತು.

“ಸರಿ, ತೂಬಿನ ಇನ್‌ಚಾರ್ಜ್ ಯಾರು?” ಎಂದರು ಇಂಜಿನಿಯರು.

ನಾನು ಕೋಲು ಊರಿಕೊಂಡು ಎರಡು ಹೆಜ್ಜೆ ಮುಂದೆ ಬಂದೆ. ಬಾನು ನೋಡಿದೆ, ನೀರು ನೋಡಿದೆ, ಸ್ವಲ್ಪ ತಡೆದೆ. ಆಮೇಲೆ ಎದೆಯುಬ್ಬಿಸಿ ಹೇಳಿದೆ.

“ಆರು ತಲೆಯಿಂದ ನೀರುಗಂಟಿ ಮನೆತನದ ಓಬಳಯ್ಯ ನಾನು. ನಾನೇ ಈ ತೂಬಿನ…”

ನನ್ನ ಕಿವಿಗೇ ಕೇಳಿಸಲಿಲ್ಲ. ಗಂಟಲಲ್ಲಿ ಪದ ಎದ್ದದ್ದು, ನಾಲಿಗೆ ಹಲ್ಲಿಗೆ ತಾಕಿದ್ದು, ತುಟಿ ಅಗಲವಾದದ್ದು ಎಲ್ಲವೂ ನನಗೆ ಗೊತ್ತು. ಆದರೆ ಏರಿಯ ಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇನ್ನೊಮ್ಮೆ ಹೇಳಿದೆ. ಮತ್ತೆ ಅದೇ. ಕೆರೆಯಲ್ಲಿ ಒಂದು ಮೀನು ಎಗರಿ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳುವವನಿಗೆ ತನ್ನ ಪದ ಬೀಳುತ್ತದೆ ಎಂದು ಮೊದಲೇ ತಿಳಿದಿರುತ್ತದೆ, ಅವನು ಕೆಮ್ಮನ್ನೋ ನಗುವನ್ನೋ ಮುಂದೆ ಇಟ್ಟುಕೊಂಡಿರುತ್ತಾನೆ. ನನ್ನ ಹತ್ತಿರ ಏನೂ ಇರಲಿಲ್ಲ. ಇಡೀ ಮನಸ್ಸಿನಿಂದ ನಿಜ ಎಂದುಕೊಂಡೇ ಹೇಳಿದ್ದೆ. ಮೈಮೇಲಿನ ಕೆಂಪು ವಸ್ತ್ರ ಯಾರದೋ ಎನ್ನಿಸಿತು.

ಅಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷ ಗುರುಸಿದ್ದಪ್ಪ ಮುಂದೆ ಬಂದ. “ಪಾಪ, ಓಬಳಯ್ಯನಿಗೆ ವಯಸ್ಸಾಯ್ತು. ಊರಿನ ಹಿತದೃಷ್ಟಿಯಿಂದ, ಜವಾಬ್ದಾರಿಯಿಂದ, ಈ ತೂಬಿಗೆ ನಾನೇ…” ಎಂದ. ಅವನದೂ ಬಿತ್ತು. ಅಧ್ಯಕ್ಷ ಎರಡು ಸಲ ಕೆಮ್ಮಿ, ಕೊರಳು ನೀವಿಕೊಂಡ.

“ಗಂಟ್ಲು ಕಟ್ಟೈತಾ ಅಧ್ಯಕ್ಷರೆ? ಬಿಸ್ನೀರು ಕಾಯಿಸ್ಲಾ?” ಎಂದಳು ಸಣ್ಣೀರಮ್ಮ. “ತೂಬು ಯಾವ ದಿಕ್ಕಿಗೈತೆ ಅಂತ ತೋರ್ಸೋಕೆ ನಿಮ್ಮನ್ನ ಮೊನ್ನೆ ಇಲ್ಲಿಗೆ ಕರ್ಕೊಂಡು ಬಂದೋರು ಯಾರು, ನೆಪ್ಪೈತಾ?”

ಇಂಜಿನಿಯರು ಕೀಯನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. “ಬ್ಯಾಡಿ ಸ್ವಾಮಿ, ತಡೀರಿ!” ಸಣ್ಣೀರಮ್ಮ ಹೆಂಗಸರ ಗುಂಪಿನಿಂದ ಹೊರಗೆ ಬಂದಳು. “ಈ ಗಂಡಸ್ರ ಕೈಲಿ ಆ ಪದ ಹೊರಡ್ಲಿಲ್ಲ ಅಂತ ಕೀ ತಗೊಂಡು ಹೋಯ್ತೀರಾ? ನನ್ನ ಕಡೇ ಗದ್ದೆಗೆ ನೀರು ಯಾರ ಕೈಯಿಂದ ಬತ್ತದೆ ಅಂತ ನನ್ನ ಕೇಳಿ. ಹೊತ್ತು ಹುಟ್ಟೋ ಹೊತ್ಗೆ ಕೆಂಪರಂಗಮ್ಮ ನನ್ನ ಗದ್ದೇಲಿ ನಿಂತಿರ್ತಾಳೆ. ಕಾಲಿನ ಹರಡು ಮುಳುಗ್ತಾ ಅಂತ ನೋಡ್ತಾಳೆ. ಮುಳುಗ್ಲಿಲ್ಲ ಅಂದ್ರೆ ಅಲ್ಲಿಂದ ತೂಬಿನ ತನಕ ಒಂದೇ ಓಟ. ಬಿರಡೆ ಎತ್ತಿ ತಿರುಗಿ ಬತ್ತಾಳೆ. ಒಂದೊಂದು ದಿನ ಮೂರು ಸಲ ಹೋಗಿ ಬಂದಿರೋದ ನಾನು ಈ ಕಣ್ಣಲ್ಲಿ ಕಂಡೀನಿ.”

ಎಲ್ಲರೂ ತಿರುಗಿ ಕೆಂಪರಂಗಿಯನ್ನು ನೋಡಿದರು. ಅವಳು ಸನಿಕೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು.

“ಹೌದೇನಮ್ಮ?” ಎಂದರು ಇಂಜಿನಿಯರು.

“ಇಲ್ಲ ಸ್ವಾಮಿ. ನಮ್ಮ ಯಜಮಾನ್ರೇ ಎಲ್ಲ ನೋಡ್ಕೊಳ್ಳೋದು. ಅವರು ಹೇಳ್ದಂಗೆ ನಾನು ಮಾಡೋದು,” ಎಂದಳು ಕೆಂಪರಂಗಿ.

ಒಂದಕ್ಷರ ಬಿಡದೆ ಕೇಳಿಸಿತು. ಕನ್ನಡ ಅಲ್ಲವೇ, ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ಊರವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಆ ಮಾತಿನಿಂದ ಹಿಡಿಕೆಯೊಂದು ಸಿಕ್ಕಂತಾಯಿತು.

“ಕೇಳಿದ್ರಾ?” ಎಂದೆ. “ಅವಳು ಕಡೇ ಗದ್ದೆ ತಂಕ ಓಡೋದು ಅವಳ ದಡ್ಡತನ. ನಾನು ಹೇಳಿದ ಕಚ್ಚಿಗೆ ನಿಲ್ಸಿದ್ರೆ ನೀರು ತಾನಾಗೇ ಹೋಯ್ತದೆ. ಲೇ ರಂಗೀ, ಮೂರನೇ ಕಚ್ಚಿಗೆ ತಾನೇ ನಿಲ್ಲಿಸ್ತಿದ್ದೆ ನೀನು?”

ಅವಳು ಸನಿಕೆಯ ತುದಿಯಿಂದ ನೆಲ ಕೆದಕಿದಳು.

“ಹೇಳು. ನಾಟಿಗೆ ಮೂರನೇ ಕಚ್ಚು ತಾನೇ?”

ಕೆಂಪರಂಗಿ ತಲೆಯೆತ್ತಿದಳು. ನನ್ನನ್ನು ನೋಡಲಿಲ್ಲ, ಕೆರೆಯನ್ನು ನೋಡಿದಳು. “ಮೂರಕ್ಕೆ ನಿಲ್ಲಿಸಿದ್ರೆ ನೀರು ನಡೂ ಗದ್ದೆ ದಾಟಲ್ಲ,” ಎಂದಳು. “ಹೂಳು ತುಂಬೈತೆ. ಕೆರೆ ತಳ ಮೇಲಕ್ಕೆ ಬಂದೈತೆ, ತೂಬಿನ ಬಾಯಿಗೂ ಬಂದು ಕೂತೈತೆ. ನಿಮ್ಮಜ್ಜ ಕಚ್ಚು ಹಾಕ್ದಾಗ ಇದ್ದ ಕೆರೆ ಅಲ್ಲ ಇದು. ಐದಕ್ಕೆ ಎತ್ತಬೇಕು. ಒಂದೊಂದು ದಿನ ಆರಕ್ಕೂ. ಅದೂ ಕಡೇ ಗದ್ದೇಲಿ ಕಾಲಿಟ್ಟು ನೋಡ್ದೇ ಗೊತ್ತಾಗಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ಮೊದಲನೇ ವರ್ಷ ಎರಡು ಸಲ ಹೇಳ್ದೆ. ನಮ್ಮಜ್ಜನ ಕಚ್ಚಿಗೆ ಎದುರಾಡ್ತೀಯಾ ಅಂತ ನೀನು ಕೋಲು ನೆಲಕ್ಕೆ ಕುಟ್ಟಿದೆ. ಆಮೇಲಿಂದ ನಾನು ಹೂಂ ಅಂತಿದ್ದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನೀರಿನ ಮಟ್ಟ ಹೇಳುವ ದನಿ ಅದು. ನನಗೆ ಕುಟ್ಟಿದ್ದು ನೆನಪಾಯಿತು. ಆ ದಿನ ಒಲೆ ಮುಂದೆ ಮಣ್ಣು ನೆಲದಲ್ಲಿ ಬಿದ್ದ ಗುಳಿ ಇನ್ನೂ ಹಾಗೇ ಇದೆ. ಅವಳು ಪ್ರತಿ ವಾರ ಸಾರಿಸುವಾಗ ಅದನ್ನು ಬಿಟ್ಟು ಸುತ್ತಲೂ ಸಾರಿಸುತ್ತಾಳೆ.

ಏರಿಯಿಂದ ನೋಡಿದರೆ ಇಡೀ ಅಚ್ಚುಕಟ್ಟು ಕಾಣುತ್ತದೆ. ಮೇಲಿನ ಗದ್ದೆ, ನಡುವಿನ ಗದ್ದೆ, ಕೊನೆಗೆ ಈಚಲು ಸಾಲಿನ ಪಕ್ಕ ಸಣ್ಣೀರಮ್ಮನ ತುಂಡು. ನಮ್ಮಪ್ಪನ ಕಾಲದಲ್ಲಿ ಆ ತುಂಡು ಮೂರು ವರ್ಷಕ್ಕೊಮ್ಮೆ ಹಸಿರಾಗುತ್ತಿತ್ತು. ನನ್ನ ಕಾಲಿಗೆ ಬಲವಿದ್ದಾಗಲೂ ಅಷ್ಟೆ. ಸಣ್ಣೀರಮ್ಮ ಕೂಗುತ್ತಿದ್ದಳು, ಕಡೇ ಗದ್ದೆಯವರು ಕೂಗುವುದು ವಾಡಿಕೆ ಎಂದು ನಾನು ಸುಮ್ಮನಾಗುತ್ತಿದ್ದೆ. ನನ್ನ ಮಂಡಿ ಕೆಟ್ಟ ಮೇಲೆ ಮೂರು ವರ್ಷವೂ ಬಿಡದೆ ಅಲ್ಲಿ ಭತ್ತ ತೂಗಿದೆ. ಪಕ್ಕದೂರಿನವರು ನಿಂತು ನೋಡಿದ್ದು ಅದನ್ನು. ನಾನು ಮೀಸೆ ನೀವಿಕೊಂಡದ್ದು ಅದಕ್ಕೆ. ಇಷ್ಟು ದೊಡ್ಡ ಬಯಲನ್ನು ದಿನಕ್ಕೆ ಮೂರು ಸಲ ಒಬ್ಬ ಹೆಂಗಸು ಓಡಿ ದಾಟಿದ್ದಾಳೆ, ನಾನು ಕಲ್ಲಿನ ಮೇಲೆ ಕೂತು ಲೆಕ್ಕ ಕೂಗಿದ್ದೇನೆ.

ಮೊದಲು ಬಂದದ್ದು ನಾಚಿಕೆಯೇ. ಅದರ ಬೆನ್ನಿಗೇ ಇನ್ನೊಂದು ಬಂತು, ಬರುತ್ತದೆಂದು ನಾನು ಎಣಿಸಿರಲಿಲ್ಲ. ನಮ್ಮಜ್ಜನಿಗೂ ಕಡೇ ಗದ್ದೆಗೆ ವರ್ಷ ವರ್ಷ ನೀರು ಮುಟ್ಟಿಸಲಾಗಲಿಲ್ಲ, ನಮ್ಮಪ್ಪನಿಗೂ ಆಗಲಿಲ್ಲ. ಆರು ತಲೆಯಲ್ಲಿ ಆಗದ್ದನ್ನು ನಮ್ಮನೆಯವಳು ಮಾಡಿದ್ದಾಳೆ. ನಮ್ಮನೆಯವಳು! ಎದೆ ತಾನಾಗಿಯೇ ಉಬ್ಬಿತು. ಈ ಸಲ ನಾನು ಉಬ್ಬಿಸಿದ್ದಲ್ಲ.

“ಸ್ವಾಮಿ, ಕೀ ಜೇಬಿಗೆ ಹಾಕ್ಬೇಡಿ,” ಎಂದೆ. “ಆ ಪದ ನಾನು ನಾಲ್ಕು ದಿನ ಕಲ್ತಿದ್ದೀನಿ, ಸುಮ್ಮನೆ ಹಾಳಾಗ್ಬಾರ್ದು.” ಇನಾಯತ್ ಮೇಷ್ಟ್ರು ಜನರ ನಡುವೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಾನು ಈ ಸಲ ಬಾನು ನೋಡಲಿಲ್ಲ, ತಡೆಯಲೂ ಇಲ್ಲ. ಕೆಸರುಗಾಲಿನಲ್ಲಿ ನಿಂತಿದ್ದ ಅವಳನ್ನೇ ನೋಡುತ್ತ ಹೇಳಿದೆ.

“ಈ ತೂಬಿಗೆ ನಮ್ಮ ಕೆಂಪರಂಗಮ್ಮನೋರೇ ಇನ್‌ಚಾರ್ಜ್!”

ನಮ್ಮೂರಲ್ಲಿ ಇಂಗ್ಲಿಷ್ ಪದ ಅಷ್ಟು ಗಟ್ಟಿಯಾಗಿ ಕೇಳಿಸಿದ್ದನ್ನು ಯಾರೂ ಕಂಡಿರಲಿಲ್ಲ ಎಂದು ಇವತ್ತಿಗೂ ಹೇಳುತ್ತಾರೆ. ಆಚೆ ದಡದ ಬಂಡೆಗೆ ಬಡಿದು ವಾಪಸು ಬಂತು. ನನ್ನ ಬಾಯಿಂದ ಹೊರಟದ್ದು, ನನ್ನ ದನಿಯಲ್ಲಿ. ಸಣ್ಣೀರಮ್ಮ ಚಪ್ಪಾಳೆ ತಟ್ಟಿದಳು, ಹೆಂಗಸರೆಲ್ಲ ತಟ್ಟಿದರು. ಮೇಷ್ಟ್ರು, “ಭೇಷ್! ವಾಕ್ಯ ಅಂದ್ರೆ ಇದು!” ಎಂದು ಕೂಗಿದರು. ಗುರುಸಿದ್ದಪ್ಪನೂ ಬೇರೆ ದಾರಿ ಕಾಣದೆ ಎರಡು ಸಲ ತಟ್ಟಿದ.

ಇಂಜಿನಿಯರು ಕೀ ನೀಡಿದರು. ಕೆಂಪರಂಗಿ ಸನಿಕೆಯನ್ನು ನನ್ನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೀ ತೆಗೆದುಕೊಂಡಳು. ಭಾಷಣ ಮಾಡುತ್ತಾಳೇನೋ ಎಂದು ಎಲ್ಲರೂ ಕಾದರೆ ಅವಳು ನೇರ ಚಕ್ರದ ಹತ್ತಿರ ಹೋಗಿ ಬೀಗ ತೆಗೆದು, “ಮೊದ್ಲು ಸಸಿಮಡಿಗೆ. ಮೇಲಿನ ಗದ್ದೆಯೋರು ಮಡೆ ಕಟ್ಕೊಳ್ಳಿ, ಇವತ್ತು ನಿಮ್ಮದಲ್ಲ,” ಎಂದಳು. ಮೇಲಿನ ಗದ್ದೆಯವನೇ ಆದ ಗುರುಸಿದ್ದಪ್ಪ ಪಂಚೆ ಎತ್ತಿ ಕಟ್ಟಿಕೊಂಡು ತನ್ನ ಗದ್ದೆಗೆ ನೀರು ನುಗ್ಗುವ ಮಡೆ ಕಟ್ಟಲು ಓಡಿದ್ದನ್ನು ನಾನು ಈ ಕಣ್ಣಿನಿಂದ ನೋಡಿದೆ.

ಸಂಜೆ ಮನೆಯಲ್ಲಿ ಅವಳಿಗೆ ಬಿಸಿನೀರು ಕಾಯಿಸಿ ಕೊಟ್ಟೆ. ಕಾಲಿನ ಕೆಸರು ತೊಳೆದುಕೊಳ್ಳುತ್ತ ಕೂತಿದ್ದಳು. ಮೇಷ್ಟ್ರ ಹತ್ತಿರ ದಾರಿಯಲ್ಲಿ ಇನ್ನೊಂದು ಪದ ಕೇಳಿಕೊಂಡು ಬಂದಿದ್ದೆ. ಅವಳನ್ನು ಸಂತೋಷಪಡಿಸೋಣ ಎಂದುಕೊಂಡು, “ಇವತ್ತಿಂದ ನಾನು ನಿನ್ನ…” ಎಂದೆ. ಬಿತ್ತು. ಅಸಿಸ್ಟೆಂಟ್ ಎಂಬುದು ಗಂಟಲಿಂದ ಈಚೆಗೇ ಬರಲಿಲ್ಲ.

ಕೆಂಪರಂಗಿ ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. “ಒಂದು ಹಂಡೆ ನೀರು ಕಾಯಿಸಿದ್ದಕ್ಕೆ ಕೇಳಿಸ್ತದಾ? ಕೆಲಸ ಮಾಡು, ಅದೇ ಕೇಳಿಸ್ತದೆ,” ಎಂದಳು.

ಮಾರನೇ ಬೆಳಿಗ್ಗೆ ಅಜ್ಜನ ಕೋಲನ್ನು ಊರಿಕೊಂಡು ಕಾಲುವೆ ಬದುವಿನ ಮೇಲೆ ಹೊರಟೆ. ಹೊಸ ಗೇಟಿಗೆ ಕಚ್ಚಿನ ಅಳತೆ ಬೇಕಿರಲಿಲ್ಲ. ಆದರೆ ಕುಂಟುವವನಿಗೆ ಕೋಲು ಬೇಕಿತ್ತು. ಈಚಲು ಸಾಲು ಮುಟ್ಟುವಷ್ಟರಲ್ಲಿ ಮಂಡಿ ಕಿತ್ತುಹೋಗುವಂತಾಯಿತು. ದಾರಿಯಲ್ಲಿ ಎರಡು ಏಡಿ ಬಿಲ, ಒಂದು ಒಡೆದ ಬದು ಸಿಕ್ಕವು, ಅವನ್ನು ಮುಚ್ಚಿದೆ. ಏರಿಯ ಮೇಲಿಂದ ಅವು ಯಾವತ್ತೂ ಕಂಡಿರಲಿಲ್ಲ. ಕಡೇ ಗದ್ದೆಯಲ್ಲಿ ಕೋಲು ನಿಲ್ಲಿಸಿ ನೀರು ನೋಡಿ, ಹೆಗಲ ವಸ್ತ್ರ ಬೀಸಿದೆ. ದೂರದಲ್ಲಿ ಅವಳು ಚಕ್ರ ತಿರುಗಿಸುವುದು ಇರುವೆಯಷ್ಟು ಕಂಡಿತು. ಎರಡು ಬೀಸಿದರೆ ಹೆಚ್ಚಿಸು, ಒಂದು ಬೀಸಿದರೆ ಸಾಕು. ಅವಳ ಮೂರು ಓಟ ಆ ದಿನದಿಂದ ನಿಂತಿತು.

ಹದಿನೈದು ದಿನ ಹೀಗೇ ನಡೆಯಿತು. ಆ ನಡುವೆ ಒಂದು ದಿನ ಅವಳ ಪಾದದ ಪಕ್ಕ ಕೋಲು ನಿಲ್ಲಿಸಿ, ಹರಡಿನ ಎತ್ತರಕ್ಕೆ ಸರಿಯಾಗಿ ಎಂಟನೇ ಕಚ್ಚು ಹಾಕಿದೆ. ಅಜ್ಜನ ಏಳೂ ಮೇಲುಗಡೆ, ಇದೊಂದು ಬುಡದಲ್ಲಿ. ನೀರು ಆ ಕಚ್ಚು ಮುಟ್ಟಿದರೆ ಗದ್ದೆಗೆ ಸಾಕು. ಹಾಕಿದ ಮೇಲೆ ಕೋಲಿಗೆ ಮೊದಲಿಗಿಂತ ತೂಕ ಬಂದಂತೆ ಅನ್ನಿಸಿತು.

ನಾಟಿ ಮುಗಿದ ಮಾರನೇ ದಿನ ಕಡೇ ಗದ್ದೆಯಲ್ಲಿ ಬಗ್ಗಿ ನೀರು ನೋಡುತ್ತಿದ್ದೆ. ಸಣ್ಣೀರಮ್ಮ ಬುತ್ತಿ ಹೊತ್ತು ಬಂದವಳು ಬದುವಿನ ಮೇಲೆ ನಿಂತು, “ಏನ್ ಓಬಳಣ್ಣ, ಆರು ತಲೆಯಲ್ಲಿ ನೀರುಗಂಟಿಯೋರು ಯಾರೂ ಈ ಕಡೆ ತಲೆ ಹಾಕ್ದೋರಲ್ಲ. ನೀನ್ಯಾಕೆ ದಿನಾ ನನ್ನ ಗದ್ದೇಲಿ ಬಿದ್ದಿರ್ತೀಯಾ?” ಎಂದಳು.

ನನ್ನ ಕಣ್ಣು ಎಂಟನೇ ಕಚ್ಚಿನ ಮೇಲಿತ್ತು. ಇನ್ನೂ ಒಂದು ಬೆರಳು ನೀರು ಏರಬೇಕಿತ್ತು. ಆ ಯೋಚನೆಯಲ್ಲೇ, ಬಾಯಿಗೆ ಬಂದದ್ದನ್ನು ಹೇ‍ಳಿದೆ. “ಬರ್ದೇ ಇದ್ರೆ ಹೆಂಗವ್ವ? ನಾನು ಕೆಂಪರಂಗಮ್ಮನ ಅಸಿಸ್ಟೆಂಟ್ ಅಲ್ವಾ.”

ಈಚಲು ಸಾಲಿನಲ್ಲಿ ಕೂತಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ನಾನು ಬಗ್ಗಿದ್ದವನು ಹಾಗೇ ಕೋಲು ಹಿಡಿದು ನೆಟ್ಟಗಾದೆ.

“ಸಣ್ಣೀರಮ್ಮ, ಕೇಳಿಸ್ತಾ?” ಎಂದೆ.

“ಕಿವಿ ತೂತಾಗೋ ಹಂಗೆ,” ಎಂದು ಅವಳು ಬುತ್ತಿ ಇಳಿಸಿದಳು. “ಇನ್ನೊಂದ್ಸಲ ಹೇಳು, ಏರಿ ತಂಕ ಹೋಗ್ಲಿ.”

ನಾನು ಹೆಗಲ ವಸ್ತ್ರ ತೆಗೆದು ಎರಡು ಸಲ ಬೀಸಿದೆ. ದೂರದಲ್ಲಿ ಕೆಂಪರಂಗಿ ಚಕ್ರ ತಿರುಗಿಸುವುದು ಕಂಡಿತು. ಆಮೇಲೆ, ಕೈ ಎರಡೂ ಬಾಯಿಗೆ ಹಿಡಿದು, ಇನ್ನೊಂದು ಸಲ ಹೇಳಿದೆ.